ಇಸ್ರೋ ಲೇಔಟಿನಿಂದ ಕಾಣುವ ವಿದೇಶಾಂಗ ನೀತಿ

2020ರ ನವೆಂಬರ್ 7ರಂದು ಶ್ರೀಹರಿಕೋಟಾದಿಂದ ಇಒಎಸ್-01 ಎಂಬ ಉಪಗ್ರಹ ಹಾರಿತು. ಅದು ಯಾತಕ್ಕೆ ಎಂಬುದನ್ನು ಇಸ್ರೋ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು: ಕೃಷಿ, ಅರಣ್ಯ ಮತ್ತು ವಿಪತ್ತು ನಿರ್ವಹಣೆಗೆ. ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಬಿಟ್ಟು ಆಗಿನ್ನೂ ಐದು ತಿಂಗಳು ತುಂಬಿರಲಿಲ್ಲ. ಮೇಲೆ ಹೋದದ್ದು ಮೋಡ ಕವಿದಿದ್ದರೂ, ಕಗ್ಗತ್ತಲಿದ್ದರೂ ನೆಲ ನೋಡಬಲ್ಲ ರೇಡಾರ್ ಉಪಗ್ರಹ. ರಿಸ್ಯಾಟ್ ಸರಣಿಯದಕ್ಕೇ ಹೊಸ ಹೆಸರಿಟ್ಟಿದ್ದಾರೆ ಎಂಬುದು ಈ ವ್ಯವಹಾರ ಬಲ್ಲವರಿಗೆಲ್ಲ ಗೊತ್ತಿತ್ತು. ಬೀಜಿಂಗಿನವರಿಗೂ ಗೊತ್ತಿತ್ತು ಅನ್ನಿ. ಗೊತ್ತಿಲ್ಲದವರ ಹಾಗೆ ಇರಬೇಕಾಗಿದ್ದವರು ತೆರಿಗೆ ಕಟ್ಟುವ ನಾವು ಮಾತ್ರ.

ಹಾಗೆಂದು ಆ ಸಾಲನ್ನು ಸುಳ್ಳು ಎನ್ನಲಾಗದು. ನೀರು ನಿಂತ ಭತ್ತದ ಗದ್ದೆ, 2018ರಲ್ಲಿ ಕೊಡಗಿನಲ್ಲಿ ಕುಸಿದಂಥ ಗುಡ್ಡ, ಗಡಿಯಾಚೆ ಮಂಜಿನಲ್ಲಿ ಸಾಲಾಗಿ ನಿಲ್ಲಿಸಿದ ಟ್ಯಾಂಕು, ಎಲ್ಲದರಿಂದಲೂ ಚಿಮ್ಮಿ ಬರುವುದು ಅದೇ ಅಲೆ. ಕಾರ್ಟೋಸ್ಯಾಟ್ ತೆಗೆದ ಚಿತ್ರದಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಅಂಚು ಎಷ್ಟು ಸ್ಪಷ್ಟವೋ ಪರದೇಶದ ವಾಯುನೆಲೆಯ ರನ್‌ವೇ ಕೂಡ ಅಷ್ಟೇ ಸ್ಪಷ್ಟ. ಆದ್ದರಿಂದ ನಾಗರಿಕ ಕಾರ್ಯಕ್ರಮದೊಳಗೆ ರಕ್ಷಣೆಯ ಕೆಲಸ ಬೆರೆತಿದೆಯೇ ಎಂದು ಕೇಳಿ ಆಶ್ಚರ್ಯಪಡುವುದರಲ್ಲಿ ಹುರುಳಿಲ್ಲ. ಬೆರೆತೇ ಇದೆ. ನಾಗರಿಕ ಎಂಬ ಹೆಸರನ್ನು ಮುಂದಿಟ್ಟುಕೊಂಡು ಭಾರತ ಐವತ್ತು ವರ್ಷ ನಡೆಸಿದ ವ್ಯವಹಾರದಲ್ಲಿ ಏನು ದಕ್ಕಿತು, ಎಲ್ಲಿ ಎಡವಿತು ಎಂದು ಲೆಕ್ಕ ಹಾಕುವುದು ಈ ಬರಹದ ಕೆಲಸ.

ಕುಮಾರಸ್ವಾಮಿ ಲೇಔಟಿಗೆ ಅಂಟಿಕೊಂಡಂತೆ ಇಸ್ರೋ ಲೇಔಟ್ ಇದೆ. ಕೇಂದ್ರಗಳೇನೋ ಊರಿನ ಬೇರೆ ಮೂಲೆಗಳಲ್ಲಿವೆ. ಉಪಗ್ರಹ ಕಟ್ಟುವ ಯು.ಆರ್. ರಾವ್ ಕೇಂದ್ರ ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಮುಖ್ಯ ಕಚೇರಿ ಅಂತರಿಕ್ಷ ಭವನ ನ್ಯೂ ಬಿಇಎಲ್ ರಸ್ತೆಯಲ್ಲಿ, ಉಪಗ್ರಹಗಳ ಜಾಡು ಹಿಡಿಯುವ ಇಸ್ಟ್ರಾಕ್ ಪೀಣ್ಯದಲ್ಲಿ. ಆದರೆ ಅಲ್ಲಿ ದುಡಿದ ಎಷ್ಟೋ ಮಂದಿ ಸೈಟು ಕೊಂಡು ಮನೆ ಕಟ್ಟಿಕೊಂಡದ್ದು ಬನಶಂಕರಿ, ಜಯನಗರ, ಜೆ.ಪಿ. ನಗರದ ಕಡೆ. ಕೇಂದ್ರದ ಹೆಸರು 2018ರಲ್ಲೇ ಬದಲಾದರೂ ಇಲ್ಲಿನ ನಿವೃತ್ತರ ಬಾಯಲ್ಲಿ ಅದು ಇನ್ನೂ ‘ಐಸ್ಯಾಕ್’. ಅವರ ನೆರೆಯಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದಿಂದ ನಿವೃತ್ತರಾದವರೂ ಇರುತ್ತಾರೆ. ವ್ಯತ್ಯಾಸ ಮಾತಿನಲ್ಲೇ ಗೊತ್ತಾಗುತ್ತದೆ. ಇಸ್ರೋದವರು ಯಾವ ಉಡಾವಣೆಯಲ್ಲಿ ಯಾವ ವಾಲ್ವ್ ಕೈಕೊಟ್ಟಿತು ಎನ್ನುವಲ್ಲಿಯವರೆಗೆ ಹೇಳುತ್ತಾರೆ. ಡಿಆರ್‌ಡಿಓದವರು ಮಳೆ ಬೆಳೆ, ಮೊಮ್ಮಕ್ಕಳ ವಿಷಯ ಹೇಳುತ್ತಾರೆ. ‘ನಮ್ಮದು ಸಿವಿಲಿಯನ್ ಪ್ರೋಗ್ರಾಂ’ ಎಂಬ ಮಾತಿನಲ್ಲಿ ಈ ಭಾಗದ ಮನೆಗಳಿಗೆ ಒಂದು ಹೆಮ್ಮೆ ಇದೆ, ಅದು ಬರಿ ಜಂಬವಲ್ಲ. ಮುಚ್ಚುಮರೆಯಿಲ್ಲದೆ ಕೆಲಸ ಮಾಡಿದವರ ಆತ್ಮವಿಶ್ವಾಸ ಅದು.

ಈ ಹೆಮ್ಮೆ ಹುಟ್ಟಿದ ಜಾಗ ಪೀಣ್ಯದ ಕೈಗಾರಿಕಾ ವಸಾಹತಿನ ಶೆಡ್ಡುಗಳು. ಉಡುಪಿಯ ಅದಮಾರಿನಿಂದ ಬಂದ ಯು.ಆರ್. ರಾವ್ ಮತ್ತು ಅವರ ಹುಡುಗರು ‘ಆರ್ಯಭಟ’ವನ್ನು ಕಟ್ಟಿದ್ದು ಅಲ್ಲಿ. ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೋಣೆಯಾಗಿ ಮಾಡಿಕೊಂಡ ಕತೆಯನ್ನು ರಾವ್ ಅವರೇ ಮತ್ತೆಮತ್ತೆ ಹೇಳುತ್ತಿದ್ದರು. ನಾವು ಆ ಕತೆಯನ್ನು ಬಡತನದಲ್ಲೂ ಸಾಧಿಸಿದೆವು ಎಂಬ ಅರ್ಥದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಅದೇ ಕತೆಯ ಇನ್ನೊಂದು ಮಗ್ಗುಲು ಪೂರಾ ವಿದೇಶಾಂಗ ವ್ಯವಹಾರ. ಮೊದಲಿಗೆ ಇದ್ದದ್ದು ನೂರು ಕಿಲೋದಷ್ಟು ತೂಗುವ ಸಣ್ಣ ಉಪಗ್ರಹವನ್ನು ಅಮೆರಿಕದ ಸ್ಕೌಟ್ ರಾಕೆಟ್ಟಿನಲ್ಲಿ ಕಳಿಸುವ ಆಲೋಚನೆ. ಅಷ್ಟರಲ್ಲಿ ಸೋವಿಯತ್ ಒಕ್ಕೂಟ ತಾನು ಹಾರಿಸಿಕೊಡುತ್ತೇನೆ ಎಂದು ಮುಂದೆ ಬಂತು. 1972ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಚೀನಾ 1970ರಲ್ಲಿ ಹಾರಿಸಿದ ಮೊದಲ ಉಪಗ್ರಹ 173 ಕಿಲೋ ಇತ್ತು. ಭಾರತದ್ದು ಅದಕ್ಕಿಂತ ಭಾರವಾಗಿರಲಿ ಎಂಬುದು ರಷ್ಯನ್ನರ ಇಚ್ಛೆಯಾಗಿತ್ತೆಂಬುದು ಆ ಕಾಲದವರ ನೆನಪುಗಳಲ್ಲಿ ಬರುತ್ತದೆ. ‘ಆರ್ಯಭಟ’ 360 ಕಿಲೋ ತೂಗಿತು. ಹೆಸರಿಗೆಂದು ಇಂದಿರಾ ಗಾಂಧಿಯವರ ಮುಂದೆ ಹೋದ ಪಟ್ಟಿಯಲ್ಲಿ ‘ಮಿತ್ರ’ ಎಂಬುದೂ ಇತ್ತು, ಅದು ಯಾರ ಮೈತ್ರಿ ಎಂದು ಬಿಡಿಸಿ ಹೇಳಬೇಕಿಲ್ಲ. ಅವರು ಖಗೋಳಜ್ಞನ ಹೆಸರನ್ನು ಆರಿಸಿದರು. 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಹಾರಿದ ಉಪಗ್ರಹದ ಪ್ರಯೋಗಗಳು ವಿದ್ಯುತ್ ತೊಂದರೆಯಿಂದ ಕೆಲವೇ ದಿನಗಳಲ್ಲಿ ನಿಂತವು. ವಿಜ್ಞಾನ ಅಷ್ಟಾಗಿ ದಕ್ಕಲಿಲ್ಲ. ದಕ್ಕಿದ್ದು ಉಪಗ್ರಹ ಕಟ್ಟಬಲ್ಲ ಒಂದು ತಂಡ, ಎರಡು ರೂಪಾಯಿ ನೋಟಿನ ಬೆನ್ನ ಮೇಲಿನ ಚಿತ್ರ, ಮತ್ತು ದೊಡ್ಡವರ ಜಗಳದ ನಡುವೆ ನಮ್ಮ ಕೆಲಸ ಮಾಡಿಸಿಕೊಳ್ಳಬಹುದು ಎಂಬ ಅರಿವು.

ಸತೀಶ್ ಧವನ್ ಇಸ್ರೋದ ಹೊಣೆ ಹೊತ್ತಾಗ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದು ಪಟ್ಟು ಹಿಡಿದರಲ್ಲ, ಅದರ ಬೆಲೆ ಈಗ ತಿಳಿಯುತ್ತದೆ. ಇಲಾಖೆ ನೇರ ಪ್ರಧಾನಿಯ ಕೈಕೆಳಗೆ, ಕಚೇರಿ ಮಾತ್ರ ದೆಹಲಿಯಿಂದ ಎರಡು ಸಾವಿರ ಕಿಲೋಮೀಟರ್ ದೂರ. ಸೇನೆಯ ಗಾಳಿ, ಸಚಿವಾಲಯದ ಗಾಳಿ ತಕ್ಷಣಕ್ಕೆ ಸೋಕದಷ್ಟು ದೂರ.

ಆದರೂ ಹೊರಗಿನವರು ನಮ್ಮನ್ನು ನಂಬಲಿಲ್ಲ. ಅದಕ್ಕೆ ಕಾರಣ ಇರಲಿಲ್ಲ ಎಂದು ನಾವು ಹೇಳಿಕೊಳ್ಳುತ್ತ ಬಂದಿದ್ದೇವೆ, ಕಾರಣ ಇತ್ತು. 1980ರ ಜುಲೈ 18ರಂದು ರೋಹಿಣಿಯನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3ರ ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಎರಡೇ ವರ್ಷದಲ್ಲಿ ಡಿಆರ್‌ಡಿಓಗೆ ಹೋದರು. 1989ರ ಮೇ 22ರಂದು ಪರೀಕ್ಷೆಗೊಂಡ ಅಗ್ನಿ ಕ್ಷಿಪಣಿಯ ಮೊದಲ ಹಂತ ಎಸ್‌ಎಲ್‌ವಿ-3ರಿಂದಲೇ ಬಂದದ್ದು. ಇದಾದ ಮೂರೇ ವರ್ಷಕ್ಕೆ, 1992ರ ಮೇನಲ್ಲಿ, ರಷ್ಯದ ಗ್ಲಾವ್‌ಕಾಸ್ಮಾಸ್ ಜೊತೆಗಿನ ಕ್ರಯೋಜೆನಿಕ್ ಎಂಜಿನ್ ಒಪ್ಪಂದದ ನೆಪದಲ್ಲಿ ಅಮೆರಿಕ ಇಸ್ರೋ ಮೇಲೆ ಎರಡು ವರ್ಷದ ನಿರ್ಬಂಧ ಹೇರಿತು. ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ತುಂಬಿಕೊಂಡು ಯಾವ ಕ್ಷಿಪಣಿಯೂ ಯುದ್ಧಕ್ಕೆ ಸಜ್ಜಾಗಿ ಕಾದು ಕೂರಲಾರದು ಎಂದು ಇಸ್ರೋ ವಾದಿಸಿತು. ತಾಂತ್ರಿಕವಾಗಿ ಅದು ನೂರಕ್ಕೆ ನೂರು ಸರಿ. ಆದರೆ ವಾಷಿಂಗ್ಟನ್ನಿನವರು ನೋಡುತ್ತಿದ್ದದ್ದು ಎಂಜಿನ್ನನ್ನಲ್ಲ, ಅಗ್ನಿಯನ್ನು. ಜೊತೆಗೆ ಉಡಾವಣೆಯ ವ್ಯಾಪಾರಕ್ಕೆ ಹೊಸ ಪೈಪೋಟಿ ಬೇಡ ಎಂಬ ಲೆಕ್ಕವೂ ಇತ್ತೆಂದು ನಮ್ಮವರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಕೊನೆಗೆ ರಷ್ಯ ತಂತ್ರಜ್ಞಾನ ಕೊಡದೆ ಏಳು ಎಂಜಿನ್ ಹಂತಗಳನ್ನು ಮಾತ್ರ ಕೊಟ್ಟಿತು. ನಮ್ಮದೇ ಕ್ರಯೋಜೆನಿಕ್ ಹಂತ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಲು 2014ರ ಜನವರಿ 5 ಬರಬೇಕಾಯಿತು. ‘ನಾಗರಿಕ’ ಎಂಬ ಹೆಸರು ತಾನಾಗಿಯೇ ರಕ್ಷಣೆ ಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಇನ್ನೊಂದಿಲ್ಲ.

ಮುರಿದದ್ದನ್ನು ಮತ್ತೆ ಕೂಡಿಸಿದ್ದು ರಾಜತಾಂತ್ರಿಕ ಭಾಷಣಕ್ಕಿಂತ ಹೆಚ್ಚಾಗಿ ಒಂದು ಚಂದ್ರಯಾನ. ಪೋಖ್ರಾಣ್ ಪರೀಕ್ಷೆಯ ನಂತರ 1998ರಲ್ಲಿ ಇಸ್ರೋ ಕೇಂದ್ರಗಳು ಅಮೆರಿಕದ ನಿರ್ಬಂಧಿತರ ಪಟ್ಟಿ ಸೇರಿದ್ದವು. 2006ರ ಮೇನಲ್ಲಿ ನಾಸಾ ಮುಖ್ಯಸ್ಥ ಮೈಕೆಲ್ ಗ್ರಿಫಿನ್ ಬೆಂಗಳೂರಿಗೇ ಬಂದು ಇಸ್ರೋ ಅಧ್ಯಕ್ಷ ಜಿ. ಮಾಧವನ್ ನಾಯರ್ ಜೊತೆ ಸಹಿ ಹಾಕಿದರು. ನಾಸಾದ ಎರಡು ಉಪಕರಣಗಳು ಚಂದ್ರಯಾನ-1 ಏರುವುದೆಂದಾಯಿತು. 2008ರ ಅಕ್ಟೋಬರ್ 22ರಂದು ಅವು ಹಾರಿದ ಶ್ರೀಹರಿಕೋಟಾ ಆ ಹೊತ್ತಿಗೂ ಆ ಪಟ್ಟಿಯಲ್ಲೇ ಇತ್ತು! ಹೊರಗೆ ಬಂದದ್ದು 2011ರ ಜನವರಿಯಲ್ಲಿ. ಬೆಂಗಳೂರಿನಿಂದ 40 ಕಿಲೋಮೀಟರ್ ಆಚೆ ಬ್ಯಾಲಾಳಿನಲ್ಲಿ ಎದ್ದ 32 ಮೀಟರಿನ ಆಂಟೆನಾ ಆ ಚಂದ್ರಯಾನದ ಮಾತು ಕೇಳಿತು, 2009ರ ಸೆಪ್ಟೆಂಬರಿನಲ್ಲಿ ಚಂದ್ರನ ಮೇಲೆ ನೀರಿನ ಕುರುಹು ಸಿಕ್ಕ ಸುದ್ದಿ ಎರಡು ದೇಶಗಳ ಹೆಸರಿನಲ್ಲಿ ಹೊರಟಿತು. ಕಾನೂನು ಬಾಗಿಲು ಹಾಕಿದ್ದಾಗ ಕೆಲಸ ಕಿಟಕಿಯಿಂದ ಒಳಗೆ ಬಂದಿತ್ತು.

ಈಗ ಎಡವಿದ ಕಡೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

2014ರ ಜೂನ್ 30ರಂದು ಶ್ರೀಹರಿಕೋಟಾದಲ್ಲಿ ಪ್ರಧಾನಿ ನರೇಂದ್ರ ಮೋದಿ ಸಾರ್ಕ್ ದೇಶಗಳಿಗೆಲ್ಲ ಒಂದು ಉಪಗ್ರಹವನ್ನು ಕಾಣಿಕೆಯಾಗಿ ಕೊಡೋಣ ಎಂದರು. ಆಲೋಚನೆ ಚೆನ್ನಾಗಿತ್ತು. ಪಾಕಿಸ್ತಾನ, ಇದು ಜೊತೆಗೂಡಿ ಮಾಡುವ ಯೋಜನೆಯಾಗಲು ಭಾರತ ಸಿದ್ಧವಿಲ್ಲ ಎಂದು ಹೇಳಿ ಹೊರಗೆ ಉಳಿಯಿತು. ಹೆಸರಿನಿಂದ ಸಾರ್ಕ್ ಹೋಗಿ ದಕ್ಷಿಣ ಏಷ್ಯಾ ಉಪಗ್ರಹವಾಯಿತು. ಐಸ್ಯಾಕ್‌ನಲ್ಲಿ ಕಟ್ಟಿದ ಜಿಸ್ಯಾಟ್-9 ಎಂಬ ಈ ಉಪಗ್ರಹದ ಖರ್ಚು 235 ಕೋಟಿ ರೂಪಾಯಿ, ತೂಕ 2,230 ಕಿಲೋ, ಕೆಯು ಬ್ಯಾಂಡಿನ 12 ಟ್ರಾನ್ಸ್‌ಪಾಂಡರುಗಳು. 2017ರ ಮೇ 5ರಂದು ಅದು ಹಾರಿದ ಮೇಲೆ ಆರು ದೇಶಗಳ ನಾಯಕರು ಒಬ್ಬರಾದ ಮೇಲೊಬ್ಬರು ವಿಡಿಯೊದಲ್ಲಿ ಕಾಣಿಸಿಕೊಂಡು ಭಾರತಕ್ಕೆ ಕೃತಜ್ಞತೆ ಹೇಳಿದರು: ಅಫ್ಘಾನಿಸ್ತಾನದ ಅಶ್ರಫ್ ಘನಿ, ಬಾಂಗ್ಲಾದ ಶೇಖ್ ಹಸೀನಾ, ಭೂತಾನದ ತ್ಶೆರಿಂಗ್ ತೊಬ್ಗೆ, ಮಾಲ್ಡೀವ್ಸ್‌ನ ಅಬ್ದುಲ್ಲಾ ಯಮೀನ್, ನೇಪಾಳದ ಪ್ರಚಂಡ, ಶ್ರೀಲಂಕಾದ ಮೈತ್ರಿಪಾಲ ಸಿರಿಸೇನ. ಕಾರ್ಯಕ್ರಮ ಸೊಗಸಾಗಿತ್ತು.

ಈ ಕಾಣಿಕೆಯಲ್ಲಿ ಒಂದು ತೊಡಕಿತ್ತು. ದೇಶಕ್ಕೊಂದರಂತೆ ಕನಿಷ್ಠ ಒಂದು ಟ್ರಾನ್ಸ್‌ಪಾಂಡರ್ ಸಿಗುತ್ತದೆ, ಆದರೆ ಅದನ್ನು ಬಳಸಲು ಬೇಕಾದ ನೆಲದ ಮೇಲಿನ ಏರ್ಪಾಡು ಆಯಾ ದೇಶದ್ದು. ಬೇಕಿದ್ದರೆ ಭಾರತ ಸಹಾಯ ಮಾಡುತ್ತದೆ. ಆಕಾಶದ ಭಾಗ ಕ್ಯಾಮೆರಾಕ್ಕೆ ಕಾಣುತ್ತದೆ, ನೆಲದ ಭಾಗ ಕಾಣುವುದಿಲ್ಲ. ಉಪಯೋಗ ನಿಂತಿರುವುದು ಮಾತ್ರ ನೆಲದ ಭಾಗದ ಮೇಲೆ. ಆ ಕೆಲಸ ಸರಿಯಾಗಿ ನಡೆದದ್ದು ಭೂತಾನದಲ್ಲಿ. ಥಿಂಫುವಿನಲ್ಲಿ ಇಸ್ರೋ ಸಹಾಯದಿಂದ ಕಟ್ಟಿದ ಭೂಕೇಂದ್ರವನ್ನು 2019ರ ಆಗಸ್ಟ್ 17ರಂದು ಎರಡೂ ದೇಶಗಳ ಪ್ರಧಾನಿಗಳು ಸೇರಿ ತೆರೆದರು. ಉಳಿದವರು ಏನು ಮಾಡಿದರು? ಬಾಂಗ್ಲಾದೇಶ ವರ್ಷ ತುಂಬುತ್ತಿದ್ದಂತೆ, 2018ರ ಮೇನಲ್ಲಿ, ಫ್ರಾನ್ಸಿನಲ್ಲಿ ಕಟ್ಟಿಸಿದ ತನ್ನದೇ ಬಂಗಬಂಧು-1 ಅನ್ನು ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹಾರಿಸಿತು. ನೇಪಾಳ, ಶ್ರೀಲಂಕಾ ತಮ್ಮ ಎಂಜಿನಿಯರುಗಳನ್ನು ಜಪಾನಿಗೆ ಕಳಿಸಿ ಮಾಡಿಸಿಕೊಂಡ ಅಂಗೈಯಗಲದ ಉಪಗ್ರಹಗಳನ್ನು 2019ರಲ್ಲಿ ಹಾರಿಸಿದವು. ಅವುಗಳಿಂದ ಟಿವಿ ಪ್ರಸಾರವಾಗುವುದಿಲ್ಲ, ಆದರೆ ಅದು ನಮ್ಮ ಹುಡುಗರ ಕೈಕೆಲಸ ಎಂದು ಕಠ್ಮಂಡುವಿನಲ್ಲಿ ಹೇಳಿಕೊಳ್ಳಬಹುದು. ಆರ್ಯಭಟದ ಕಾಲದಲ್ಲಿ ನಮಗೂ ಬೇಕಿದ್ದದ್ದು ಅದೇ ಅಲ್ಲವೇ?

ಕೊಟ್ಟವ ಕೋಡಂಗಿ, ಈಸಿಕೊಂಡವ ಈರಭದ್ರ ಎಂಬ ಗಾದೆಯನ್ನು ಇಲ್ಲಿ ಹೇಳಬೇಕೆನಿಸಿದರೂ ಅದು ನ್ಯಾಯವಾಗದು. ನೆರೆಯವರು ಮೋಸ ಮಾಡಲಿಲ್ಲ. ಕೇಳದೆ ಕೊಟ್ಟದ್ದರ ಹಂಗು ಅವರಿಗೆ ಬೇಡವಾಯಿತು, ಅಷ್ಟೇ. ಆ ದಿನ ಪರದೆಯ ಮೇಲಿದ್ದವರ ಗತಿಯನ್ನೂ ನೋಡಿ. ಘನಿ 2021ರಲ್ಲಿ ಕಾಬೂಲು ಬಿಟ್ಟು ಹೋದರು, ಹಸೀನಾ 2024ರ ಆಗಸ್ಟಿನಲ್ಲಿ ದೆಹಲಿಯ ಬಳಿ ಬಂದಿಳಿದರು, ಯಮೀನ್ ಚುನಾವಣೆ ಸೋತರು. ಉಪಗ್ರಹ ಹಾಗೇ ಇದೆ. ಸ್ನೇಹವನ್ನು ನಾಯಕರ ಮೇಲೆ ಕಟ್ಟಿದರೆ ಅದು ನಾಯಕರಿರುವವರೆಗೆ. ಇನ್ನೊಂದು ದೇಶದ ಸರ್ಕಾರಿ ಇಲಾಖೆಯ ಮೂವತ್ತು ವರ್ಷದ ಎಂಜಿನಿಯರ್ ಮೇಲೆ ಕಟ್ಟಿದರೆ ಅವನು ನಿವೃತ್ತನಾಗುವವರೆಗೂ ಇರುತ್ತದೆ.

ಇದನ್ನು ಇಸ್ರೋ ಬಲ್ಲದು ಎಂಬುದೇ ಸೋಜಿಗ. ಉನ್ನತಿ ಎಂಬ ಕಾರ್ಯಕ್ರಮ 2019ರ ಜನವರಿಯಲ್ಲಿ ಯು.ಆರ್. ರಾವ್ ಕೇಂದ್ರದಲ್ಲಿ ಶುರುವಾಯಿತು. 45 ದೇಶಗಳ 90 ಮಂದಿಗೆ ಸಣ್ಣ ಉಪಗ್ರಹ ಜೋಡಿಸುವುದನ್ನು ಕೈಯಾರೆ ಕಲಿಸುವ ಯೋಜನೆ. 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಹಾರಿದ ಭಾರತ–ಭೂತಾನ ಉಪಗ್ರಹ ಇನ್ನೂ ಒಳ್ಳೆಯ ಉದಾಹರಣೆ. ಭೂತಾನದ ಎಂಜಿನಿಯರುಗಳು ಬೆಂಗಳೂರಿಗೆ ಬಂದು ಕಲಿತರು, ಹ್ಯಾಮ್ ರೇಡಿಯೊದವರಿಗೆ ಸಂದೇಶ ದಾಟಿಸುವ ಒಂದು ಉಪಕರಣವನ್ನು ಇಲ್ಲಿನವರ ಜೊತೆ ಕೂತು ಮಾಡಿದರು. ಜಿಸ್ಯಾಟ್-9ರ ಪಕ್ಕ ಇಟ್ಟರೆ ಇದು ಆಟಿಕೆ. ಆದರೆ ವಿದೇಶಾಂಗ ನೀತಿಯ ತಕ್ಕಡಿಯಲ್ಲಿ ಇದರ ತೂಕವೇ ಹೆಚ್ಚೆಂದು ನನ್ನ ಅಂದಾಜು. ಪತ್ರಿಕೆಗಳ ಮುಖಪುಟಕ್ಕೆ ಮಾತ್ರ ಇದು ಬರಲಿಲ್ಲ.

ಜೊತೆಗೂಡಿ ಮಾಡಿದ ಕೆಲಸದ ದೊಡ್ಡ ಉದಾಹರಣೆ ನಾಸಾ ಮತ್ತು ಇಸ್ರೋದ ಜಂಟಿ ಉಪಗ್ರಹ ನಿಸಾರ್. 2014ರ ಸೆಪ್ಟೆಂಬರಿನಲ್ಲಿ ಒಪ್ಪಂದ, 2025ರ ಜುಲೈ 30ರಂದು ಉಡಾವಣೆ, ನಡುವೆ ಹತ್ತು ವರ್ಷಕ್ಕೂ ಮೇಲೆ ಎರಡು ದೇಶಗಳ ಎಂಜಿನಿಯರುಗಳ ಜಗ್ಗಾಟ. ಎಲ್ ಬ್ಯಾಂಡ್ ರೇಡಾರ್ ಅವರದು, ಎಸ್ ಬ್ಯಾಂಡ್ ನಮ್ಮದು. ಎರಡನ್ನೂ ಹೊತ್ತ ಪೆಟ್ಟಿಗೆ 2023ರ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದಿಳಿದದ್ದು ಅಮೆರಿಕದ ವಾಯುಪಡೆಯ ಸಿ-17 ವಿಮಾನದಲ್ಲಿ. ಹಿಮನದಿ, ಭೂಕಂಪ, ಬೆಳೆ ನೋಡಲು ಹೊರಟ ಶುದ್ಧ ನಾಗರಿಕ ಉಪಗ್ರಹದ ಉಪಕರಣಗಳನ್ನು ಸೈನಿಕ ವಿಮಾನ ತಂದುಕೊಟ್ಟಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಉಪಗ್ರಹ ಜೋಡಣೆಯಾದದ್ದು ಇಲ್ಲೇ. 12 ಮೀಟರ್ ಅಗಲದ ಪ್ರತಿಫಲಕ ಬಿಸಿಲಿಗೆ ಕಾದೀತೆಂಬ ಅನುಮಾನ ಬಂದು 2024ರಲ್ಲಿ ಅದು ಲೇಪನಕ್ಕಾಗಿ ಕ್ಯಾಲಿಫೋರ್ನಿಯಾಕ್ಕೆ ವಾಪಸು ಹೋಯಿತು, ಮತ್ತೆ ಬಂತು. ಕೊನೆಗೆ ಎಲ್ಲವನ್ನೂ ಮೇಲೆ ಒಯ್ದದ್ದು ಜಿಎಸ್‌ಎಲ್‌ವಿ-ಎಫ್16, ಅದರ ನೆತ್ತಿಯಲ್ಲಿದ್ದದ್ದು 1992ರಲ್ಲಿ ಅಮೆರಿಕ ಬೇಡವೆಂದ ಬಗೆಯ, ನಮ್ಮದೇ ಕ್ರಯೋಜೆನಿಕ್ ಹಂತ. ಒಟ್ಟು ಸುಮಾರು 150 ಕೋಟಿ ಡಾಲರಿನ ಯೋಜನೆಯನ್ನು ನಾಸಾ ಆ ಎಂಜಿನ್ನಿನ ಮೇಲೆ ಕೂರಿಸಿತು. ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗಲೇ ಆ ನಿರ್ಬಂಧ ಬಂದದ್ದು. ಇದನ್ನು ನೋಡಲು ಅವರಿರಲಿಲ್ಲ, 2017ರಲ್ಲೇ ತೀರಿಕೊಂಡಿದ್ದರು.

ನಿಸಾರ್‌ನ ಹೆಚ್ಚುಗಾರಿಕೆ ಅದರ ಮಾಹಿತಿ ಎಲ್ಲರಿಗೂ ಪುಕ್ಕಟೆ ಎಂಬುದು. 12 ದಿನಕ್ಕೊಮ್ಮೆ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಎಷ್ಟು ಏರಿತು, ಇಳಿಯಿತು ಎಂಬುದು ಢಾಕಾದ ವಿದ್ಯಾರ್ಥಿಗೂ ಸಿಗುತ್ತದೆ, ಇಸ್ಲಾಮಾಬಾದಿನವನಿಗೂ ಸಿಗುತ್ತದೆ. ಜಿಸ್ಯಾಟ್-9 ಪಾಕಿಸ್ತಾನವಿಲ್ಲದೆ ಹಾರಿತು, ನಿಸಾರ್‌ಗೆ ಹೊರಗಿನವರೇ ಇಲ್ಲ. ನೆರೆಹೊರೆಯ ರಾಜಕೀಯಕ್ಕೆ ಯಾವುದು ಹೆಚ್ಚು ಉಪಯೋಗ ಎಂದು ದೆಹಲಿಯ ವಿದೇಶಾಂಗ ಸಚಿವಾಲಯ ಯೋಚಿಸಿದೆಯೋ ಇಲ್ಲವೋ. ಹೊರದೇಶಗಳಲ್ಲಿ ಕೇಂದ್ರ ತೆರೆಯುವಾಗಲೂ ಇದೇ ಪ್ರಶ್ನೆ. ಮಾರಿಷಸ್, ಬ್ರೂನೈ, ಇಂಡೋನೇಷ್ಯದ ಬಿಯಾಕ್‌ಗಳಲ್ಲಿ ಇಸ್ಟ್ರಾಕ್‌ನ ಆಂಟೆನಾಗಳು ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡಿವೆ. ವಿಯೆಟ್ನಾಮಿನಲ್ಲಿ ಕೇಂದ್ರ ಎಂಬ ಸುದ್ದಿ 2016ರಲ್ಲಿ ಬಂದಾಗ ಮಾತ್ರ ಅದರ ಚಿತ್ರಗಳಿಂದ ದಕ್ಷಿಣ ಚೀನಾ ಸಮುದ್ರ ಕಾಣುತ್ತದಲ್ಲ ಎಂಬ ಚರ್ಚೆ ಎದ್ದಿತು. ಆಂಟೆನಾ ಅದೇ, ನೆರೆ ಬೇರೆ.

ನಾಗರಿಕ ಎಂಬ ಹೆಸರನ್ನು ಮನಸ್ಸಿಗೆ ಬಂದಂತೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಪ್ರಸಂಗವಿದೆ. 2019ರ ಜನವರಿ 24ರಂದು ಪಿಎಸ್‌ಎಲ್‌ವಿ-ಸಿ44 ಎರಡು ಉಪಗ್ರಹ ಹೊತ್ತು ಹಾರಿತು. ಒಂದು ವಿದ್ಯಾರ್ಥಿಗಳು ಮಾಡಿದ ಕಲಾಂಸ್ಯಾಟ್. ಶಾಲೆಗಳಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಇನ್ನೊಂದು ಚಿತ್ರ ತೆಗೆಯುವ ಉಪಗ್ರಹ ಎಂದು ಹೇಳಲಾದ ಮೈಕ್ರೋಸ್ಯಾಟ್-ಆರ್. ಎರಡು ತಿಂಗಳ ನಂತರ, ಮಾರ್ಚ್ 27ರಂದು, ಲೋಕಸಭಾ ಚುನಾವಣೆಯ ಕಾವಿನ ನಡುವೆ, ಡಿಆರ್‌ಡಿಓ ಕ್ಷಿಪಣಿ ಅದನ್ನು ಒಡೆದು ಚೂರು ಮಾಡಿತು. ಮಿಷನ್ ಶಕ್ತಿ. ಮಕ್ಕಳ ಉಪಗ್ರಹದ ಜೊತೆ ಒಂದೇ ರಾಕೆಟ್ಟಿನಲ್ಲಿ ಹೋದದ್ದು ಗುರಿಹಲಗೆ. ದೇಶಕ್ಕೆ ಆ ಸಾಮರ್ಥ್ಯ ಬೇಕಿತ್ತೇ ಎಂಬುದು ಬೇರೆ ಮಾತು. ಚೀನಾ 2007ರಲ್ಲೇ ಮಾಡಿ ತೋರಿಸಿದ ಮೇಲೆ ಬೇಕಿತ್ತು ಎನ್ನುವವರ ವಾದವನ್ನು ತಳ್ಳಿಹಾಕಲಾರೆ. ನನ್ನ ತಕರಾರು ಇರುವುದು ಇಸ್ರೋದ ಹೆಸರನ್ನು ಅದಕ್ಕೆ ಮುಸುಕಾಗಿ ಬಳಸಿದ್ದರ ಬಗ್ಗೆ. ಅದರ ಬೆಲೆ ಕಟ್ಟಿದ್ದೂ ಇಸ್ರೋ. ಚೂರುಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಿಂತ ಎತ್ತರಕ್ಕೂ ಚಿಮ್ಮಿವೆ ಎಂದು ನಾಸಾ ಮುಖ್ಯಸ್ಥ ಜಿಮ್ ಬ್ರೈಡನ್‌ಸ್ಟೈನ್ ಬಹಿರಂಗವಾಗಿ ಸಿಟ್ಟಾದರು, ಮಾನವಸಹಿತ ಯಾನದ ಸಹಕಾರ ಕೆಲಕಾಲ ತೂಗುಯ್ಯಾಲೆಯಲ್ಲಿತ್ತು. ಇದಕ್ಕೆ ಎದುರಾಗಿ, ಇಸ್ರೋದ ಮಾನವಸಹಿತ ಯಾನವಾದ ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಪೈಲಟ್‌ಗಳು, ಅದನ್ನು ಯಾರೂ ಮುಚ್ಚಿಡಲಿಲ್ಲ, ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನಿನಲ್ಲಿ ಅದೇ ನಿಲ್ದಾಣಕ್ಕೆ ಹೋಗಿ ಜುಲೈನಲ್ಲಿ ಮರಳಿದರು. ಬಿಚ್ಚಿ ಹೇಳಿದ್ದರಿಂದ ಕೆಟ್ಟದ್ದೇನೂ ಆಗಲಿಲ್ಲವಲ್ಲ.

ಮುಸುಕು ಈಗ ತಾನಾಗಿಯೇ ಸರಿಯುತ್ತಿದೆ. ರಕ್ಷಣಾ ಬಾಹ್ಯಾಕಾಶ ಏಜೆನ್ಸಿ ಇದೇ ಊರಿನಲ್ಲಿದೆ. ನೌಕಾಪಡೆಗೆ 2013ರಲ್ಲಿ, ವಾಯುಪಡೆಗೆ 2018ರಲ್ಲಿ ಅವರವರದೇ ಸಂಪರ್ಕ ಉಪಗ್ರಹಗಳು ಹೋಗಿವೆ. 2025ರ ಮೇನಲ್ಲಿ ಪಾಕಿಸ್ತಾನದೊಂದಿಗಿನ ಸಂಘರ್ಷ ನಿಂತ ಬೆನ್ನಿಗೇ ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಇಂಫಾಲದಲ್ಲಿ, ಕನಿಷ್ಠ 10 ಉಪಗ್ರಹಗಳು ದೇಶದ ಭದ್ರತೆಗಾಗಿ ಹಗಲಿರುಳು ದುಡಿಯುತ್ತಿವೆ ಎಂದರು. ಕೃಷಿ, ಅರಣ್ಯಗಳ ಹಿಂದೆ ನಿಲ್ಲದೆ ನೇರ ಮಾತಾಡಿದ್ದು ಒಳ್ಳೆಯದಾಯಿತು. ವಾರದೊಳಗೆ, ಮೇ 18ರಂದು, ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತ ಕೈಕೊಟ್ಟು ಇಒಎಸ್-09 ಎಂಬ ರೇಡಾರ್ ಉಪಗ್ರಹ ಹೋಯಿತು. ಏನಾಯಿತು ಎಂಬ ತನಿಖಾ ವರದಿ ತಿಂಗಳುಗಟ್ಟಲೆ ಹೊರಬರಲಿಲ್ಲ. 1979ರಲ್ಲಿ ಮೊದಲ ಎಸ್‌ಎಲ್‌ವಿ-3 ಸಮುದ್ರ ಪಾಲಾದಾಗ ಧವನ್ ತಾವೇ ಪತ್ರಕರ್ತರ ಮುಂದೆ ಕೂತರು ಎಂಬುದನ್ನು ಕಲಾಂ ಜೀವನವಿಡೀ ಹೇಳುತ್ತಿದ್ದರು. 2021ರಲ್ಲಿ ಜಿಎಸ್‌ಎಲ್‌ವಿ-ಎಫ್10 ಸೋತಾಗಲೂ ಯಾವ ವಾಲ್ವ್ ಸೋರಿತು ಎಂಬುದು ಪ್ರಕಟವಾಯಿತು. ಭದ್ರತೆಯ ಕೆಲಸ ಹೆಚ್ಚಾದಂತೆ ಇಸ್ರೋ ಮನೆಗಳ ಮಾತು ಡಿಆರ್‌ಡಿಓ ಮನೆಗಳ ಮಾತಿನ ಹಾಗೆ ಆಗುತ್ತಿದೆಯೇ ಎಂಬುದು ನನ್ನ ಆತಂಕ.

ಮುಚ್ಚಿಟ್ಟರೆ ಭದ್ರತೆ ಗಟ್ಟಿಯಾಗುತ್ತದೆ ಎಂಬುದಕ್ಕೂ ಪುರಾವೆ ಇಲ್ಲ. ಕಾರ್ಗಿಲ್ ಕಾಲದಲ್ಲಿ ಅಮೆರಿಕದ ಜಿಪಿಎಸ್ ಕೈಗೆ ಸಿಗಲಿಲ್ಲ ಎಂಬ ಮಾತಿನಿಂದ ಶುರುವಾಗುತ್ತದೆ ನಮ್ಮದೇ ಸ್ಥಾನಸೂಚಕ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಕತೆ. 2013ರಿಂದ 2016ರೊಳಗೆ ಏಳು ಉಪಗ್ರಹ ಹಾರಿಸಿದೆವು. ಆಮದಾದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೆಟ್ಟವು. 2025ರ ಜನವರಿಯಲ್ಲಿ ಕಳಿಸಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲಿಲ್ಲ. ಆ ವರ್ಷದ ಮಧ್ಯದಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸ್ಥಾನ ಹೇಳುವ ಸೇವೆಗೆ ಒದಗುತ್ತಿದ್ದವು ನಾಲ್ಕೇ ಉಪಗ್ರಹ. ನಾಲ್ಕಕ್ಕಿಂತ ಕಡಿಮೆಯಾದರೆ ಸ್ಥಾನ ಹೇಳಲಾಗುವುದೇ ಇಲ್ಲ. ಇದು ಯಾವ ಶತ್ರುವಿಗೂ ಗುಟ್ಟಲ್ಲ, ಕಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಮೊದಲೇ ಸಂಸತ್ತಿನಲ್ಲಿ ಗಟ್ಟಿಯಾಗಿ ಕೇಳುವವರಿದ್ದಿದ್ದರೆ ಬದಲಿ ಉಪಗ್ರಹಗಳು ಇಷ್ಟು ತಡವಾಗುತ್ತಿದ್ದವೇ? 2017ರಲ್ಲಿ ಕರಡು ಪ್ರಕಟವಾದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಕಾನೂನಾಗಲಿಲ್ಲ. 2023ರಲ್ಲಿ ಬಂದ ಬಾಹ್ಯಾಕಾಶ ನೀತಿ ನೀತಿಯಷ್ಟೇ, ಅದನ್ನು ಹಿಡಿದು ಯಾರೂ ಯಾರನ್ನೂ ಪ್ರಶ್ನಿಸಲಾಗದು. ಈಗ ಖಾಸಗಿಯವರೂ ಬಂದಿದ್ದಾರೆ. ಬೆಂಗಳೂರಿನ ಪಿಕ್ಸೆಲ್ ಕಂಪನಿಗೆ 2023ರಲ್ಲಿ ಗುತ್ತಿಗೆ ಕೊಟ್ಟದ್ದು ಅಮೆರಿಕದ ಬೇಹುಗಾರಿಕಾ ಉಪಗ್ರಹಗಳ ಸಂಸ್ಥೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಒಪ್ಪಿದ 52 ಕಣ್ಗಾವಲು ಉಪಗ್ರಹಗಳ ಯೋಜನೆಯಲ್ಲಿ 31 ಖಾಸಗಿಯವರ ಪಾಲಿಗೆ. ಮನೆ ಬಾಡಿಗೆ ಕರಾರಿಗಿರುವಷ್ಟು ಕಾನೂನೂ ಇಲ್ಲದೆ ಇದೆಲ್ಲ ನಡೆಯುತ್ತಿದೆ.

ದಕ್ಷಿಣ ಏಷ್ಯಾ ಉಪಗ್ರಹದ ಆಯಸ್ಸು 12 ವರ್ಷ. ಲೆಕ್ಕದ ಪ್ರಕಾರ 2029ಕ್ಕೆ ಮುಗಿಯುತ್ತದೆ. ಸಂಪರ್ಕ ಉಪಗ್ರಹ ಕಟ್ಟಲು ಮೂರು ವರ್ಷವಾದರೂ ಬೇಕು. ಬದಲಿ ಕೊಡುವುದೋ ಬಿಡುವುದೋ ಎಂದು ಈಗಲೇ ತೀರ್ಮಾನಿಸಬೇಕಾಗಿದೆ. ಕೊಡುವುದಾದರೆ ಈ ಸಲ ಘೋಷಣೆಗೆ ಮುಂಚೆ ಢಾಕಾ, ಕೊಲಂಬೊ, ಕಠ್ಮಂಡುಗಳ ದೂರಸಂಪರ್ಕ ಇಲಾಖೆಯವರನ್ನು ಹಳೇ ವಿಮಾನ ನಿಲ್ದಾಣದ ರಸ್ತೆಯ ಕೇಂದ್ರಕ್ಕೆ ಕರೆದು ಏನು ಬೇಕೆಂದು ಕೇಳಲಿ, ಖರ್ಚಿನಲ್ಲಿ ಅವರಿಂದಲೂ ಒಂದು ಪಾಲು ತೆಗೆದುಕೊಳ್ಳಲಿ, ಅವರ ನಾಲ್ಕು ಹುಡುಗಿಯರೋ ಹುಡುಗರೋ ಎರಡು ವರ್ಷ ಇಲ್ಲೇ ಮನೆ ಮಾಡಿಕೊಂಡು ಟ್ರಾನ್ಸ್‌ಪಾಂಡರುಗಳನ್ನು ಜೋಡಿಸಲಿ. ಬಿಟಿಎಂ ಲೇಔಟಿನಲ್ಲಿ ಪಿಜಿಗಳಿಗೇನೂ ಬರವಿಲ್ಲ.